ಬನ್ನಿ ಯಾವುದು, ಜಾಲಿ ಯಾವುದು? ನಮ್ಮ ಸೀಮೆಯ ಗಿಡಗಳ ಹೆಸರಿನ ಕಥೆ

ರಸ್ತೆ ಅಗಲ ಮಾಡುವ ಕೆಲಸ ಅಂದರೆ ಮೊದಲು ಬರುವವರು ಬಣ್ಣದ ಡಬ್ಬಿ, ಬ್ರಷ್ ಹಿಡಿದ ಹುಡುಗರು. ಜೆಸಿಬಿ ಆಮೇಲೆ. ಹುಡುಗರು ರಸ್ತೆ ಬದಿಯ ಒಂದೊಂದೇ ಗಿಡದ ಬೊಡ್ಡೆಗೆ ನಂಬರ್ ಬರೆಯುತ್ತ ಹೋಗುತ್ತಾರೆ. ಹಿಂದೊಬ್ಬರು ಹಾಳೆಯಲ್ಲಿ ಆ ನಂಬರಿನ ಮುಂದೆ ಜಾತಿ ಬರೆದುಕೊಳ್ಳುತ್ತಾರೆ. ಬೇವು, ಹುಣಸೆ, ಜಾಲಿ, ಇತರೆ.

ಕೆಲವು ವರ್ಷಗಳ ಹಿಂದೆ ಶಹಾಪುರ ತಾಲೂಕಿನ ಒಂದು ರಸ್ತೆಯಲ್ಲಿ ಹೀಗೆ ನಂಬರ್ ಬಿತ್ತು. ಊರಿನವರು ನನಗೆ ಫೋನ್ ಮಾಡಿದರು. ದಸರೆಗೆ ಪೂಜೆ ಮಾಡುವ ಬನ್ನಿ ಗಿಡಕ್ಕೂ ನಂಬರ್ ಹಾಕ್ಯಾರ, ಪೇಪರಿನಲ್ಲಿ ಬರೀರಿ ಅಂದರು. ಬೈಕ್ ಹತ್ತಿ ಹೋದೆ. ಒಂದೇ ಕಡೆ ಮೂರು ಮುಳ್ಳಿನ ಗಿಡ ಇದ್ದವು, ಸಣ್ಣ ಸಣ್ಣ ಎಲೆ, ಮೂರೂ ಒಂದೇ ತರಹ ಕಂಡವು. ಫೋಟೋ ತೆಗೆದುಕೊಂಡು ಬಂದೆ. ಮರುದಿನ ಸುದ್ದಿ ಬಂತು: 'ಮೂರು ಬನ್ನಿ ಮರಗಳಿಗೆ ಕೊಡಲಿ.'

ಸುದ್ದಿ ಬಂದ ದಿನವೇ ಗುತ್ತಿಗೆದಾರನ ಕಡೆಯವರು ಜನರ ಮುಂದೆ ನಿಂತು ಹೇಳಿದರು, 'ಇದರಾಗ ಎರಡು ಜಾಲಿ ಅವ. ಪೇಪರಿನವರಿಗೆ ಗಿಡಾನೇ ಗೊತ್ತಿಲ್ಲ, ಸುಳ್ಳು ಸುದ್ದಿ ಬರೀತಾರ.' ಅವರು ಹೇಳಿದ್ದು ನಿಜವಿತ್ತು. ಎರಡು ಬಿಳಿಜಾಲಿ, ಒಂದು ಬನ್ನಿ. ಆದರೆ ನನ್ನ ಎರಡು ತಪ್ಪಿನಲ್ಲಿ ಆ ಒಂದು ಸರಿಯೂ ಮುಚ್ಚಿಹೋಯಿತು. ಹಾಳೆಯಲ್ಲಿ ಮೂರಕ್ಕೂ 'ಜಾಲಿ' ಎಂದೇ ಬರೆದಿತ್ತು. ವಾರದಲ್ಲಿ ಮೂರೂ ನೆಲಕ್ಕೆ ಬಿದ್ದವು.

ಆ ಊರಿನ ಒಬ್ಬ ಕುರಿ ಕಾಯುವ ಮುತ್ಯಾ ನನ್ನನ್ನು ಬೈಯಲಿಲ್ಲ. 'ತಮ್ಮಾ, ಅವತ್ತ ಬಂದಾಗ ನನ್ನ ಒಂದು ಮಾತು ಕೇಳಿದ್ರ ಹೇಳ್ತಿದ್ದೆನಲ್ಲೋ. ಮುಳ್ಳು ನೋಡಿದ್ರ ಗೊತ್ತಾಗ್ತದ' ಅಂದ. ಅಷ್ಟೇ.

ಪತ್ರಿಕೋದ್ಯಮದ ಡಿಪ್ಲೊಮಾದಲ್ಲಿ ನನಗೆ ಎಫ್‌ಐಆರ್ ಓದುವುದು, ಬಜೆಟ್ ಓದುವುದು ಕಲಿಸಿದ್ದರು. ಗಿಡ ಓದುವುದು ಕಲಿಸಿರಲಿಲ್ಲ. ಅವತ್ತಿನಿಂದ ನಾನು ನಮ್ಮ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಗಿಡಗಳ ಹೆಸರು ಕಲಿಯಲು ಕುಳಿತೆ. ಕಲಿಯುತ್ತ ಹೋದಂತೆ ಬೇರೆ ಒಂದು ಪ್ರಶ್ನೆ ಎದ್ದಿತು. ನಮ್ಮ ಕಡೆಯ ಗಿಡಗಳ ಹೆಸರನ್ನು ಇಲ್ಲಿಯವರೆಗೆ ಬರೆದಿಟ್ಟವರು ಯಾರು? ಬರೆದಿಡದಿದ್ದರೆ ಯಾಕೆ? ಈ ಲೇಖನ ಅದರ ಬಗ್ಗೆ.

ಮೊದಲ ಮಾತು: ನಮ್ಮಲ್ಲಿ 'ಮರ' ಇಲ್ಲ

ಮೈಸೂರು, ಬೆಂಗಳೂರು ಕಡೆಯವರು ಬೇವಿನ ಮರ ಅನ್ನುತ್ತಾರೆ. ನಮ್ಮಲ್ಲಿ ಎಷ್ಟೇ ದೊಡ್ಡದಿರಲಿ ಅದು ಬೇವಿನ ಗಿಡ, ಹುಣಸಿ ಗಿಡ, ಆಲದ ಗಿಡ. ಶಾಲೆಯ ಪುಸ್ತಕ ಮರ ಅನ್ನುತ್ತದೆ, ಮನೆಯಲ್ಲಿ ಗಿಡ ಅನ್ನುತ್ತಾರೆ. ಹೊಂಗೆ ಎಂದು ಪುಸ್ತಕದಲ್ಲಿ ಇರುವುದಕ್ಕೆ ಉತ್ತರ ಕರ್ನಾಟಕದ ಬಹಳ ಊರುಗಳಲ್ಲಿ ಹುಲಗಲ ಎನ್ನುತ್ತಾರೆ. ಗುರುಮಠಕಲ್ ಕಡೆ ಹೋದರೆ ಬೇವಿಗೆ ವೇಪ ಚೆಟ್ಟು, ಹುಣಸೆಗೆ ಚಿಂತ ಚೆಟ್ಟು ಎನ್ನುವ ತೆಲುಗು ಮಾತು ಸೇರುತ್ತದೆ. ಮುಸ್ಲಿಂ ಓಣಿಯಲ್ಲಿ ಅದೇ ಗಿಡ ನೀಮ್, ಇಮ್ಲಿ. ಒಂದೇ ಗಿಡಕ್ಕೆ ಒಂದೇ ಜಿಲ್ಲೆಯಲ್ಲಿ ಮೂರು ನಾಲ್ಕು ಹೆಸರು. ಇದನ್ನು ತಪ್ಪು ಎಂದು ತಿಳಿಯಬೇಡಿ. ಇಷ್ಟು ಜನ ಆ ಗಿಡದ ಜೊತೆ ಬದುಕಿದ್ದಾರೆ ಎಂಬುದಕ್ಕೆ ಅದೇ ಸಾಕ್ಷಿ.

ಊರ ಹೆಸರುಗಳನ್ನೇ ನೋಡಿ. ಹುಣಸಗಿ, ಹುಣಸಿಹೊಳೆ, ಬೇವಿನಹಳ್ಳಿ, ಜಾಲಿಬೆಂಚಿ. ಕಕ್ಕೇರಾ ಅಂದಾಗ ಕಕ್ಕೆ ಗಿಡ ನೆನಪಾಗುತ್ತದೆ, ಬೇಸಿಗೆಯಲ್ಲಿ ಹಳದಿ ಹೂವಿನ ಗೊಂಚಲು ಜೋತುಬಿಡುವ ಗಿಡ. ಹತ್ತಿಕುಣಿಯ ಹತ್ತಿ ಹೊಲದ ಹತ್ತಿಯೋ, ಅತ್ತಿ ಗಿಡವೋ ಎಂದು ಊರಲ್ಲೇ ಚರ್ಚೆ ಮಾಡಬಹುದು. ಎಲ್ಲ ಹೆಸರಿನ ಮೂಲ ಗಿಡವೇ ಎಂದು ನಾನು ವಾದ ಮಾಡುವುದಿಲ್ಲ. ಆದರೆ ಊರಿಗೆ ಹೆಸರಿಡುವಾಗ ಜನ ಕಣ್ಣೆದುರಿನ ಗಿಡ ನೋಡುತ್ತಿದ್ದರು ಅನ್ನುವುದಂತೂ ಇದರಿಂದ ತಿಳಿಯುತ್ತದೆ.

ಹನ್ನೆರಡು ಲಕ್ಷ ವರ್ಷದ ಹಿಂದಿನ ಊಟ

ಈ ಕಥೆ ಬಹಳ ಹಿಂದಿನಿಂದ ಶುರುವಾಗುತ್ತದೆ. ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಎಂಬ ಪುರಾತತ್ವ ವಿದ್ವಾಂಸರು 1970ರ ದಶಕದಿಂದ ದಶಕಗಟ್ಟಲೆ ಕೆಲಸ ಮಾಡಿದರು. ಹಳೆ ಶಿಲಾಯುಗದ ಕಲ್ಲಿನ ಕೊಡಲಿಗಳು ಅಲ್ಲಿ ರಾಶಿ ರಾಶಿ ಸಿಕ್ಕವು. ಇಸಾಂಪುರದಲ್ಲಿ 1990ರ ದಶಕದ ಕೊನೆಯಲ್ಲಿ ಅಗೆದಾಗ ಸುಣ್ಣದ ಕಲ್ಲು ಒಡೆದು ಹತ್ಯಾರ ಮಾಡುತ್ತಿದ್ದ ಜಾಗವೇ ಸಿಕ್ಕಿತು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಎಂದು ಲೆಕ್ಕ ಹಾಕಿದ್ದಾರೆ.

ಕಲ್ಲು ಉಳಿಯುತ್ತದೆ, ಹಣ್ಣು ಉಳಿಯುವುದಿಲ್ಲ. ಹಾಗಾದರೆ ಆ ಮನುಷ್ಯರು ಏನು ತಿಂದರು? ಇದನ್ನು ತಿಳಿಯಲು ಪದ್ದಯ್ಯನವರು ಈಗಿನ ಕಣಿವೆಯನ್ನೇ ನೋಡಿದರು. ಯಾವ ತಿಂಗಳಲ್ಲಿ ಯಾವ ಕಾಡುಹಣ್ಣು, ಯಾವ ಸೊಪ್ಪು, ಯಾವ ಗೆಡ್ಡೆ ಇಲ್ಲಿ ಸಿಗುತ್ತದೆ, ಬೇಸಿಗೆಯಲ್ಲಿ ನೀರು ಎಲ್ಲಿ ಉಳಿಯುತ್ತದೆ ಎಂದು ನೋಡಿ, ಆ ಲೆಕ್ಕದ ಮೇಲೆ ಹಳೆ ಮನುಷ್ಯರ ಓಡಾಟವನ್ನು ಊಹಿಸಿದರು. ಮಳೆಗಾಲದಲ್ಲಿ ಕಣಿವೆ ತುಂಬ ಚದುರಿ ಇರುತ್ತಿದ್ದರು, ಬೇಸಿಗೆಯಲ್ಲಿ ಬತ್ತದ ಊಟೆಗಳ ಹತ್ತಿರ ಒಟ್ಟಾಗಿ ಸೇರುತ್ತಿದ್ದರು ಎಂಬುದು ಅವರ ವಿವರಣೆ. 1982ರಲ್ಲಿ ಬಂದ ಅವರ ಪುಸ್ತಕದಲ್ಲಿ ಇದೆಲ್ಲ ಇದೆ.

ಬಾರಿಹಣ್ಣು, ಕವಳಿಹಣ್ಣು, ಚಳ್ಳೆಹಣ್ಣು, ಬೇಲದಕಾಯಿ ಎಂದರೆ ನಾವು ಹುಡುಗಾಟಿಕೆ ಎಂದುಕೊಂಡಿದ್ದೇವೆ. ದನ ಕಾಯುವ ಹುಡುಗರಿಗೆ ಗೊತ್ತಿರುವ ಈ ತಿಂಗಳ ಲೆಕ್ಕವೇ ಮನುಷ್ಯನ ಅತಿ ಹಳೆ ಇತಿಹಾಸ ತಿಳಿಯಲು ಬೇಕಾಗುವ ವಿದ್ಯೆ.

ಟೇಲರ್ ಸಾಹೇಬ ಬರೆದದ್ದು, ಬರೆಯದ್ದು

ಸುರಪುರದ ಮೊದಲ ದೊಡ್ಡ ಲಿಖಿತ ವರ್ಣನೆ ಅಂದರೆ ಫಿಲಿಪ್ ಮೆಡೋಸ್ ಟೇಲರ್ ಹೆಸರು ಬರುತ್ತದೆ. 1840ರ ದಶಕದ ಆರಂಭದಿಂದ 1853ರವರೆಗೆ ಆತ ಸುರಪುರ ಸಂಸ್ಥಾನದಲ್ಲಿ ಬ್ರಿಟಿಷರ ಅಧಿಕಾರಿ. ಬಾಲಕ ದೊರೆ ವೆಂಕಟಪ್ಪ ನಾಯಕ ಆತನನ್ನು 'ಅಪ್ಪಾ' ಎಂದು ಕರೆಯುತ್ತಿದ್ದ. ಅದೇ ವೆಂಕಟಪ್ಪ ನಾಯಕ ಮುಂದೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದದ್ದು ನಮಗೆಲ್ಲ ಗೊತ್ತಿರುವ ಕಥೆ. ಸುರಪುರದ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಈಗಲೂ ಇದೆ. ಬೋನಾಳದ ದೊಡ್ಡ ಕೆರೆಯ ಜೊತೆಗೂ ಆತನ ಹೆಸರಿದೆ. ಇವತ್ತು ಅದೇ ಬೋನಾಳ ಪಕ್ಷಿಧಾಮ.

ಟೇಲರ್ ನಮ್ಮ ಕಲ್ಲುಗಳನ್ನು ಬಹಳ ಚೆನ್ನಾಗಿ ನೋಡಿದ. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಸಾಲು ಸಾಲಾಗಿ ಇಟ್ಟ ದೊಡ್ಡ ಗುಂಡುಗಳು, ರಾಜನಕೋಳೂರಿನ ಕಲ್ಲಿನ ಮನೆಗಳು, ಇವನ್ನು ಅಳೆದು ಬರೆದು ಹೊರಗಿನ ಲೋಕಕ್ಕೆ ತಿಳಿಸಿದವನು ಅವನೇ. ಹೀಗಾಗಿ ನಮ್ಮ ಕಲ್ಲುಗಳಿಗೆ ನೂರೈವತ್ತು ವರ್ಷಕ್ಕಿಂತ ಹಳೆಯ ದಾಖಲೆ ಇದೆ, ಕೆಲವಕ್ಕೆ ಇವತ್ತು ಸರ್ಕಾರದ ರಕ್ಷಣೆಯ ಬೋರ್ಡ್ ಇದೆ. ಗಿಡಗಳಿಗೆ ಅಂಥ ಒಬ್ಬ ಟೇಲರ್ ಸಿಗಲಿಲ್ಲ.

ಎರಡು ಪುಸ್ತಕಗಳ ನಡುವೆ ಉಳಿದ ಸೀಮೆ

ಯಾಕೆ ಸಿಗಲಿಲ್ಲ ಎಂಬುದಕ್ಕೆ ಉತ್ತರ ನಕ್ಷೆಯಲ್ಲಿದೆ. ಇಂಗ್ಲಿಷರು ತಮ್ಮ ಆಡಳಿತದ ಪ್ರಾಂತ್ಯಗಳ ಗಿಡಗಳನ್ನು ಒಂದೊಂದಾಗಿ ಪಟ್ಟಿ ಮಾಡಿದರು. ಮುಂಬೈ ಪ್ರಾಂತ್ಯದ ಸಸ್ಯಗಳ ಪುಸ್ತಕವನ್ನು ಥಿಯೋಡರ್ ಕುಕ್ 1901ರಿಂದ 1908ರವರೆಗೆ ಬರೆದು ಮುಗಿಸಿದ. ಅದರಲ್ಲಿ ಬಿಜಾಪುರ, ಧಾರವಾಡ, ಬೆಳಗಾವಿ ಬಂದವು. ಮದ್ರಾಸ್ ಪ್ರಾಂತ್ಯದ ಸಸ್ಯಗಳ ಪುಸ್ತಕವನ್ನು ಗ್ಯಾಂಬಲ್ 1915ರಲ್ಲಿ ಶುರು ಮಾಡಿದ. ಅವನ ನಂತರ ಬೇರೆಯವರು 1936ರ ಹೊತ್ತಿಗೆ ಮುಗಿಸಿದರು. ಅದರಲ್ಲಿ ಬಳ್ಳಾರಿ, ಕರ್ನೂಲು ಬಂದವು. ನಡುವೆ ಇದ್ದ ನಾವು ನಿಜಾಮನ ಸೀಮೆಯವರು. ತಾಳಿಕೋಟೆಯ ಗಿಡ ಒಂದು ಪುಸ್ತಕಕ್ಕೆ ಸೇರಿತು, ಬಳ್ಳಾರಿಯ ಗಿಡ ಇನ್ನೊಂದಕ್ಕೆ. ಶಹಾಪುರದ ಗುಡ್ಡದ ಗಿಡ ಎರಡಕ್ಕೂ ಸೇರಲಿಲ್ಲ.

ಪೂರ್ತಿ ಖಾಲಿ ಇತ್ತು ಎಂದೂ ಅಲ್ಲ. ನಿಜಾಮ ಸಂಸ್ಥಾನದ ಕಾಡಿನ ಗಿಡಗಳ ಬಗ್ಗೆ ಪಾರ್ಟ್ರಿಜ್ ಎಂಬುವರ ಇಂಗ್ಲಿಷ್ ಪುಸ್ತಕ 1911ರಲ್ಲಿ ಹೈದರಾಬಾದಿನಿಂದ ಬಂತು. ಆದರೆ ಅದು ಇಡೀ ಸಂಸ್ಥಾನಕ್ಕೆ ಸೇರಿದ ಕಾಡಿನ ಪುಸ್ತಕ. ಹೊಲದ ಬದುವು, ಗಾಂವಠಾಣ, ಹಳ್ಳದ ದಂಡೆಯ ಗಿಡಗಳಿಗೆ ನಮ್ಮ ಊರಿನವರು ಹೇಳುವ ಕನ್ನಡ ಹೆಸರು ಹುಡುಕಿ ಬರೆಯುವುದು ಅಂಥ ಪುಸ್ತಕದ ಕೆಲಸವಲ್ಲ. ಇತ್ತ ಕನ್ನಡದಲ್ಲಿ ಕಿಟೆಲ್ ಸಾಹೇಬರು 1894ರ ತಮ್ಮ ನಿಘಂಟಿನಲ್ಲಿ ಸಾಕಷ್ಟು ಗಿಡಗಳ ಹೆಸರು ಕೊಟ್ಟರು. ಆದರೆ ಅವರು ಬದುಕಿದ್ದು ಧಾರವಾಡ, ಮಂಗಳೂರು ಕಡೆ. ನಮ್ಮಲ್ಲಿ ಆಗ ಕಚೇರಿ ಉರ್ದು, ದೊಡ್ಡ ಶಾಲೆ ಉರ್ದು. ಕನ್ನಡದ ಗಿಡದ ಹೆಸರು ಬಾಯಲ್ಲೇ ಉಳಿಯಿತು, ಕಾಗದಕ್ಕೆ ಬರಲಿಲ್ಲ.

ಕನ್ನಡದಲ್ಲಿ ಗಿಡಗಳ ಬಗ್ಗೆ ಜನ ಮುಗಿಬಿದ್ದು ಓದಿದ ಪುಸ್ತಕ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. 1978ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದು ಬಹುಮಟ್ಟಿಗೆ ಘಟ್ಟದ ಹಸಿರು. ನಮ್ಮ ಕರಿಮಣ್ಣಿನ ಜಾಲಿ, ಬನ್ನಿ, ಇಂಗಳಿಕೆಗೆ ಅಂಥ ಲೇಖಕರು ಇನ್ನೂ ಹುಟ್ಟಬೇಕು. ಗುಲಬರ್ಗಾ ಜಿಲ್ಲೆಯ ಸಸ್ಯಗಳ ಬಗ್ಗೆ ಸೀತಾರಾಮ್, ಕೋಟ್ರೇಶ, ಉಪ್ಲಾಂವಕರ ಎಂಬ ಮೂವರು ಬರೆದ ಇಂಗ್ಲಿಷ್ ಪುಸ್ತಕ 2000ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದಿಂದ ಬಂತು. ಯಾದಗಿರಿ ಬೇರೆ ಜಿಲ್ಲೆ ಆದದ್ದು 2009ರ ಕೊನೆಗೆ, ಆದ್ದರಿಂದ ನಮ್ಮ ತಾಲೂಕುಗಳೂ ಅದರಲ್ಲೇ ಸೇರಿದವು. ಅಂದರೆ ಮುಂಬೈ ಪ್ರಾಂತ್ಯದವರ ಪುಸ್ತಕ ಮುಗಿದು ಸುಮಾರು ತೊಂಬತ್ತು ವರ್ಷಕ್ಕೆ ನಮ್ಮ ಸರದಿ ಬಂತು.

ಸರ್ಕಾರ ಎಣಿಸಿದ ಗಿಡ, ಸರ್ಕಾರ ತಂದ ಗಿಡ

ಹಾಗಾದರೆ ನಿಜಾಮನ ಕಾಲದಲ್ಲಿ ಗಿಡ ಎಣಿಸುತ್ತಲೇ ಇರಲಿಲ್ಲವೇ? ಎಣಿಸುತ್ತಿದ್ದರು. ದುಡ್ಡು ಬರುವ ಗಿಡ ಎಣಿಸುತ್ತಿದ್ದರು. ಸೇಂದಿ ಇಳಿಸುವ ಈಚಲು ಗಿಡ, ತಾಳೆ ಗಿಡದ ಮೇಲೆ ಗಿಡಕ್ಕಿಷ್ಟು ಎಂದು ತೆರಿಗೆ ಇತ್ತು. ಹೈದರಾಬಾದಿನ ಅಬ್ಕಾರಿ ಕಾಯ್ದೆ ಫಸಲಿ 1316ರದ್ದು, ಅಂದರೆ ಸುಮಾರು 1907ರದ್ದು. ತೆರಿಗೆ ಕೊಡದ ಗಿಡದಿಂದ ಸೇಂದಿ ಇಳಿಸುವಂತಿರಲಿಲ್ಲ. ಇವತ್ತಿಗೂ ರಸ್ತೆ ಕೆಲಸದ ಪಟ್ಟಿಯಲ್ಲಿ ಸಾಗವಾನಿ, ಶ್ರೀಗಂಧಕ್ಕೆ ಹೆಸರಿರುತ್ತದೆ, ಉಳಿದದ್ದು 'ಇತರೆ' ಆಗುತ್ತದೆ. ಬೆಲೆ ಇದ್ದದ್ದಕ್ಕೆ ಹೆಸರು. ಆ ಹಾಳೆ ಓದಿದಾಗ ನನಗೆ ಸೇಂದಿ ಗಿಡದ ಲೆಕ್ಕ ನೆನಪಾಯಿತು.

ಇನ್ನು ಸರ್ಕಾರ ತಂದ ಗಿಡ. ನಮ್ಮ ಹಳ್ಳ, ಕೆರೆಯಂಗಳ, ಬೀಳು ಹೊಲ ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ. ಅದು ಅಜ್ಜನ ಕಾಲದಿಂದ ಇದೆ ಎಂದು ಬಹಳ ಜನ ತಿಳಿದಿದ್ದಾರೆ. ಅದರ ತವರು ಅಮೆರಿಕ ಖಂಡ. 1877ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಇಲಾಖೆಯವರು ಜಮೈಕಾದಿಂದ ಬೀಜ ತರಿಸಿ ಕಡಪ ಜಿಲ್ಲೆಯ ಕಮಲಾಪುರಂ ಕಡೆ ಹಾಕಿದರು. ಬರಗಾಲದ ಸೀಮೆಗೆ ಉರುವಲು ಆಗಲಿ ಎಂಬುದು ಉದ್ದೇಶ. ಅದೇ 1877ರಲ್ಲಿ ಟೇಲರ್‌ನ ಆತ್ಮಕಥೆ ಅಚ್ಚಾಯಿತು. ಅಂದರೆ ಟೇಲರ್ ಕುದುರೆ ಮೇಲೆ ತಿರುಗಾಡಿದ ಸುರಪುರದಲ್ಲಿ ಬಳ್ಳಾರಿ ಜಾಲಿ ಒಂದೂ ಇರಲಿಲ್ಲ.

ಕುರಿ ಮೇಕೆ ಅದರ ಸಿಹಿ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹಾಕುತ್ತವೆ. ಹೀಗೆ ಊರೂರಿಗೆ ಹಬ್ಬಿತು. ಅದರಿಂದ ಬಡವರ ಒಲೆ ಉರಿದಿದೆ, ಇದ್ದಲಿ ಸುಟ್ಟು ಬದುಕಿದವರಿದ್ದಾರೆ, ಅದನ್ನೂ ಹೇಳಬೇಕು. ಆದರೆ ಅದು ಹಬ್ಬಿದಲ್ಲಿ ಬೇರೆ ಗಿಡದ ಸಸಿ ಮೇಲೆ ಏಳುವುದು ಕಷ್ಟ.

ಹೊರಗಿನದು ಎಲ್ಲ ಕೆಟ್ಟದ್ದು, ಇಲ್ಲಿಯದು ಎಲ್ಲ ಒಳ್ಳೆಯದು ಎಂದು ಹೇಳಲು ಬರುವುದಿಲ್ಲ. ಹುಣಸೆ ಆಫ್ರಿಕಾದಿಂದ ಬಂದದ್ದು. ಎಷ್ಟು ಹಿಂದೆ ಬಂದಿತೆಂದರೆ ಅರಬರು ಅದನ್ನು ನೋಡಿ 'ತಮರ್ ಎ ಹಿಂದ್', ಹಿಂದೂಸ್ಥಾನದ ಖರ್ಜೂರ ಎಂದರು. ನಮ್ಮ ಗುಡ್ಡಗಳಲ್ಲಿ ತಾನೇ ಬೆಳೆಯುವ ಸೀತಾಫಲದ ಮೂಲವೂ ಅಮೆರಿಕ ಖಂಡವೇ. ಗಿಡದ ಹೆಸರಿನ ಜೊತೆ ಅದು ಬಂದ ದಾರಿಯೂ ಗೊತ್ತಿದ್ದರೆ ಮಾತು ಸರಿಯಾಗಿ ಆಡಬಹುದು.

1982ರಲ್ಲಿ ನಾರಾಯಣಪುರದ ಬಸವಸಾಗರ ಜಲಾಶಯ ಆದ ಮೇಲೆ ಇನ್ನೊಂದು ಬದಲಾವಣೆ ಬಂತು. ಕಾಲುವೆ ನೀರು ಬಂದಲ್ಲಿ ಜೋಳದ ಹೊಲ ಭತ್ತದ ಗದ್ದೆ ಆಯಿತು. ಗದ್ದೆಗೆ ನೆಲ ಸಮ ಇರಬೇಕು, ಬದುವಿನ ನೆರಳು ಬೇಡ. ಬದುವಿನ ಬೇವು, ಕರಿಜಾಲಿ ಹೋದವು. ಮಣೆ, ಕುಂಟೆ, ಬಂಡಿ ಗಾಲಿಗೆ ಕರಿಜಾಲಿ ಬೇಕು ಎನ್ನುವ ಕಾಲವೂ ಟ್ರ್ಯಾಕ್ಟರ್ ಬಂದ ಮೇಲೆ ಮುಗಿಯಿತು. ಬಡಿಗರ ಮನೆಯ ಹಿರಿಯರಿಗೆ ಯಾವ ಗಿಡ ಯಾವ ಕೆಲಸಕ್ಕೆ ಎಂದು ಗೊತ್ತಿತ್ತು. ಕೆಲಸ ಹೋದಾಗ ಆ ತಿಳಿವಳಿಕೆ ಮಗನಿಗೆ ದಾಟಲಿಲ್ಲ. ನೀರು ಬಂದದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ. ನೀರಿನಿಂದ ನಮ್ಮ ಮನೆಯೂ ಉಂಡಿದೆ.

ನಾಲ್ಕು ಮುಳ್ಳಿನ ಗಿಡ

ಈಗ ಮುತ್ಯಾ ಕಲಿಸಿದ ಪಾಠಕ್ಕೆ ಬರುತ್ತೇನೆ. ಅದರ ಜೊತೆ ಪುಸ್ತಕ ನೋಡಿ ತಾಳೆ ಹಾಕಿದ್ದೇನೆ. ಫೋನ್ ಹಿಡಿದು ಊರ ಹೊರಗೆ ಹೋಗಿ ನೋಡಿ.

ಕರಿಜಾಲಿ: ತೊಗಟೆ ಕಪ್ಪು, ಬಿರುಕು ಬಿರುಕು. ಮುಳ್ಳು ಉದ್ದ, ನೇರ, ಬಿಳಿ, ಎಲೆಯ ಬುಡದಲ್ಲಿ ಜೋಡಿ ಜೋಡಿ. ಹೂ ಹಳದಿ ಗುಂಡು. ಕಾಯಿ ನೋಡಿದರೆ ತಪ್ಪಲು ಸಾಧ್ಯವೇ ಇಲ್ಲ, ಮಣಿ ಪೋಣಿಸಿದ ಸರದಂತೆ ಬೀಜ ಬೀಜದ ನಡುವೆ ಸೊಂಟ ಇರುತ್ತದೆ.

ಬಿಳಿಜಾಲಿ: ತೊಗಟೆ ಬೆಳ್ಳಗೆ, ಹಳದಿ ಮಿಶ್ರಿತ. ಮುಳ್ಳು ಇಲ್ಲೂ ಜೋಡಿ. ಮಳೆಗಾಲದ ಕೊನೆಗೆ ಟೊಂಗೆಯ ತುದಿಯಲ್ಲಿ ಕೆನೆ ಬಣ್ಣದ ಸಣ್ಣ ಗುಂಡು ಹೂಗಳ ದೊಡ್ಡ ಗೊಂಚಲು. ಕಾಯಿ ತೆಳ್ಳಗೆ, ಚಪ್ಪಟೆ, ಬಾಗಿದ್ದು. ಇದರ ತೊಗಟೆಯನ್ನು ಹಿಂದೆ ಸಾರಾಯಿ ಬಟ್ಟಿ ಇಳಿಸಲು ಹಾಕುತ್ತಿದ್ದರು, ಅದಕ್ಕೇ ಕೆಲವು ಕಡೆ ಸಾರಾಯಿ ಜಾಲಿ ಎಂದೂ ಹೆಸರು.

ಬಳ್ಳಾರಿ ಜಾಲಿ: ಹೆಚ್ಚಾಗಿ ಒಂದೇ ಬೊಡ್ಡೆ ಇರುವುದಿಲ್ಲ, ಬುಡದಿಂದಲೇ ಹಲವು ಟೊಂಗೆ. ಹೂ ಗುಂಡಗಿಲ್ಲ, ಬೆರಳಿನಂತೆ ಉದ್ದ. ಕಾಯಿ ಉದ್ದ, ಹಣ್ಣಾದಾಗ ಹಳದಿ, ಬಾಯಿಗೆ ಸಿಹಿ.

ಬನ್ನಿ: ಇಲ್ಲಿದೆ ಮುತ್ಯಾನ ಮಾತು. ಮುಳ್ಳು ಸಣ್ಣದು, ಬುಡ ದಪ್ಪ, ಜೋಡಿ ಇರುವುದಿಲ್ಲ. ಟೊಂಗೆಯ ತುಂಬ ಅಲ್ಲೊಂದು ಇಲ್ಲೊಂದು ಚದುರಿರುತ್ತದೆ. ತೊಗಟೆ ಬೂದಿ ಬಣ್ಣ, ಒರಟು. ಹೂ ಬೆರಳಿನಂತೆ ಉದ್ದ, ತಿಳಿ ಹಳದಿ. ಕಾಯಿ ತೆಳ್ಳಗೆ ಜೋತುಬಿದ್ದಿರುತ್ತದೆ. ಎಲೆಯ ಗರಿಯನ್ನೂ ಎಣಿಸಿ. ಕರಿಜಾಲಿ, ಬಿಳಿಜಾಲಿಯಲ್ಲಿ ಒಂದು ಎಲೆಗೆ ಹಲವು ಜೋಡಿ ಗರಿ, ಬನ್ನಿ ಮತ್ತು ಬಳ್ಳಾರಿ ಜಾಲಿಯಲ್ಲಿ ಸಾಮಾನ್ಯವಾಗಿ ಒಂದರಿಂದ ಮೂರು ಜೋಡಿ. ಅವೆರಡೂ ಹತ್ತಿರದ ಬಳಗ.

ಇನ್ನೊಂದು ತೊಡಕಿದೆ. ಬನ್ನಿ ಎಂಬ ಹೆಸರು ಕರ್ನಾಟಕದಲ್ಲಿ ಒಂದೇ ಗಿಡಕ್ಕಿಲ್ಲ. ಕೆಲವು ಕಡೆ ಕೊಕ್ಕೆ ಮುಳ್ಳಿನ, ಚಪ್ಪಟೆ ಕಾಯಿಯ ಬೇರೊಂದು ಜಾಲಿ ಜಾತಿಗೆ ಬನ್ನಿ ಎನ್ನುತ್ತಾರೆ. ದಸರೆ ದಿನ 'ಬನ್ನಿ ತಗೊಂಡು ಬಂಗಾರದಂಗ ಇರೋಣು' ಎಂದು ಕೈಗೆ ಕೊಡುವ ಎಲೆ ಹಲವು ಊರಲ್ಲಿ ಎರಡು ಸೀಳಿನ, ಎತ್ತಿನ ಗೊರಸಿನಂಥ ಎಲೆ. ಅದಕ್ಕೆ ಮುಳ್ಳೇ ಇಲ್ಲ, ಮರಾಠಿಯವರು ಆಪಟಾ ಎನ್ನುತ್ತಾರೆ. ಇದಕ್ಕಾಗಿಯೇ ವಿಜ್ಞಾನಿಗಳಿಗೆ ಎರಡು ಪದದ ಹೆಸರು ಬೇಕಾಯಿತು, 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಅದನ್ನು ಪದ್ಧತಿ ಮಾಡಿದ. ನಾನು ಮೇಲೆ ಹೇಳಿದ ಬನ್ನಿಯ ಹೆಸರು ಪ್ರೊಸೋಪಿಸ್ ಸಿನರೇರಿಯಾ.

ಈ ಹೆಸರು ಹಿಡಿದು ಹೋದರೆ ಬಹಳ ದೂರ ಹೋಗಬಹುದು. ರಾಜಸ್ಥಾನದವರು ಇದನ್ನೇ ಖೇಜಡಿ ಎನ್ನುತ್ತಾರೆ. 1730ರಲ್ಲಿ ಜೋಧಪುರದ ಹತ್ತಿರದ ಖೇಜಡ್ಲಿ ಊರಲ್ಲಿ ರಾಜನ ಆಳುಗಳು ಇದನ್ನು ಕಡಿಯಲು ಬಂದಾಗ ಅಮೃತಾದೇವಿ ಮತ್ತು ಬಿಷ್ಣೋಯಿ ಜನ ಗಿಡ ತಬ್ಬಿಕೊಂಡು ನಿಂತರು, 363 ಜನ ಪ್ರಾಣ ಕೊಟ್ಟರು ಎಂದು ಅವರು ಇಂದಿಗೂ ನೆನೆಯುತ್ತಾರೆ. ಪಕ್ಕದ ತೆಲಂಗಾಣದಲ್ಲಿ ಇದು ಜಮ್ಮಿ ಚೆಟ್ಟು, ಆ ರಾಜ್ಯದ ಮರ. ದುಬೈ, ಅಬುಧಾಬಿ ಇರುವ ದೇಶಕ್ಕೆ ದುಡಿಯಲು ಹೋದವರು ಅಲ್ಲಿ 'ಗಾಫ್' ಎಂಬ ಗಿಡದ ಹೆಸರು ಕೇಳಿರಬಹುದು, ಅದು ಆ ದೇಶದ ರಾಷ್ಟ್ರೀಯ ಮರ. ಅದೂ ನಮ್ಮ ಬನ್ನಿಯೇ. ಅಲ್ಲಿ ದೇಶದ ಗುರುತು ಆಗಿರುವ ಗಿಡ ನಮ್ಮ ರಸ್ತೆ ಬದಿ ಹಾಳೆಯಲ್ಲಿ 'ಜಾಲಿ' ಎಂದು ಹೋಯಿತು.

ಫೋನಿನಲ್ಲಿ ಗೂಗಲ್ ಲೆನ್ಸ್ ಇದೆಯಲ್ಲ ಎಂದು ನೀವು ಕೇಳಬಹುದು. ನಾನೂ ಹಾಕಿ ನೋಡಿದ್ದೇನೆ. ಎಲೆಯ ಫೋಟೋ ಒಂದೇ ಕೊಟ್ಟರೆ ಮುಳ್ಳಿನ ಗಿಡಗಳಲ್ಲಿ ನನಗೆ ಬೇರೆ ಬೇರೆ ದಿನ ಬೇರೆ ಬೇರೆ ಉತ್ತರ ಬಂತು. ತೊಗಟೆ, ಮುಳ್ಳು, ಹೂ, ಕಾಯಿ ನಾಲ್ಕರದ್ದೂ ಫೋಟೋ ತೆಗೆಯಿರಿ. ಆಮೇಲೆ ಊರಲ್ಲಿ ಕುರಿ ಕಾಯುವವರನ್ನು ಕೇಳಿ. ಯಾವ ಸೊಪ್ಪು ಆಡು ತಿನ್ನುತ್ತದೆ ಎಂದು ನಿತ್ಯ ನೋಡುವವರಿಗಿಂತ ಚೆನ್ನಾಗಿ ಹೇಳುವವರು ಸಿಗುವುದಿಲ್ಲ.

ಬರೆದಿಟ್ಟರೆ ಏನಾಗುತ್ತದೆ?

ಬೇವಿನ ಕೇಸು ಇದಕ್ಕೆ ಉತ್ತರ. ಬೇವಿನ ಎಣ್ಣೆಯಿಂದ ಬೆಳೆಯ ಬೂಷ್ಟು ರೋಗ ತಡೆಯುವ ವಿಧಾನಕ್ಕೆ ಅಮೆರಿಕದ ಕೃಷಿ ಇಲಾಖೆ ಮತ್ತು ಡಬ್ಲ್ಯೂ.ಆರ್. ಗ್ರೇಸ್ ಕಂಪನಿಗೆ 1994ರಲ್ಲಿ ಯುರೋಪಿಯನ್ ಪೇಟೆಂಟ್ ಕಚೇರಿ ಪೇಟೆಂಟ್ ಕೊಟ್ಟಿತು. ನಮ್ಮ ಅಜ್ಜಿಯರು ಕಾಳಿನಲ್ಲಿ ಬೇವಿನ ಎಲೆ ಹಾಕಿ ಇಡುವವರು, ರೈತರು ಬೇವಿನ ಕಷಾಯ ಹೊಡೆಯುವವರು. ವಂದನಾ ಶಿವ ಮತ್ತು ಇತರರು ಆಕ್ಷೇಪ ಹಾಕಿದರು. ಇದು ಹೊಸದಲ್ಲ, ಭಾರತದಲ್ಲಿ ಮೊದಲೇ ಬಳಕೆಯಲ್ಲಿತ್ತು ಎಂಬುದಕ್ಕೆ ಪುರಾವೆ ಕೊಡಬೇಕಾಯಿತು. 2000ದ ಮೇ ತಿಂಗಳಲ್ಲಿ ಪೇಟೆಂಟ್ ರದ್ದಾಯಿತು. 2005ರ ಮಾರ್ಚ್‌ನಲ್ಲಿ ಮೇಲ್ಮನವಿಯೂ ಬಿತ್ತು. ಎಲ್ಲರಿಗೂ ಗೊತ್ತಿರುವ ವಿಷಯಕ್ಕೂ ಪುರಾವೆ ಬೇಕು ಎಂಬುದು ಆ ಹತ್ತು ವರ್ಷದ ಪಾಠ.

2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯ್ತಿಯಲ್ಲಿ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಬೆಳೆ, ಪ್ರಾಣಿ, ಅವುಗಳ ಸ್ಥಳೀಯ ಹೆಸರು, ಉಪಯೋಗ ಎಲ್ಲ ಜನರನ್ನು ಕೇಳಿ ಒಂದು ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಇದಕ್ಕೆ ಜನತಾ ಜೀವವೈವಿಧ್ಯ ದಾಖಲಾತಿ ಎನ್ನುತ್ತಾರೆ. ಬಹಳ ಕಡೆ ಇದು ಆಗಿರಲಿಲ್ಲ. 2020ರ ಜನವರಿ 31ರೊಳಗೆ ಮುಗಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಗಡುವು ಹಾಕಿತು. ಗಡುವು ಬಂದಾಗ ಗಡಿಬಿಡಿಯಲ್ಲಿ ಕೆಲಸ ಹೇಗಾಗುತ್ತದೆ ಎಂದು ನಿಮಗೂ ಗೊತ್ತು.

ನಾನು ಒಂದು ಪಂಚಾಯ್ತಿಯಲ್ಲಿ ಈ ಪುಸ್ತಕ ಕೇಳಿ ನೋಡಿದೆ. ಕೊಟ್ಟರು, ಅದಕ್ಕೆ ಕೃತಜ್ಞ. ಒಳಗೆ ಹಲಸು, ಸಂಪಿಗೆ, ರಂಜಲು ಇದ್ದವು. ಎಲ್ಲಿಯದೋ ಪಟ್ಟಿ ಇಲ್ಲಿ ಬಂದು ಕುಳಿತಿತ್ತು. ಬನ್ನಿ ಇರಲಿಲ್ಲ. ಇಂಗಳಿಕೆ ಇರಲಿಲ್ಲ. ಹುಲಗಲ ಎಂಬ ಹೆಸರೂ ಇರಲಿಲ್ಲ. ಪುಸ್ತಕದ ಪ್ರಕಾರ ಆ ಊರಿನಲ್ಲಿ ಬನ್ನಿಯೇ ಇಲ್ಲ, ಆದರೆ ಊರಿನವರು ಪ್ರತಿ ದಸರೆಗೆ ಅದನ್ನು ಪೂಜೆ ಮಾಡುತ್ತಾರೆ.

ನೂರು ವರ್ಷದ ಹಿಂದೆ ನಮ್ಮ ಗಿಡಗಳ ಹೆಸರು ಬರೆಯಲಿಲ್ಲ ಎಂದು ಇಂಗ್ಲಿಷರನ್ನೋ ನಿಜಾಮನನ್ನೋ ದೂರಬಹುದು. ಈ ಪುಸ್ತಕಕ್ಕೆ ಯಾರನ್ನು ದೂರುವುದು? ಇದು ನಮ್ಮದೇ ಪಂಚಾಯ್ತಿ, ನಮ್ಮದೇ ಭಾಷೆ, ಹೇಳುವ ಮುತ್ಯಾ ಕಟ್ಟೆಯ ಮೇಲೆ ಕುಳಿತಿದ್ದ. ಯಾರೂ ಹೋಗಿ ಕೇಳಲಿಲ್ಲ. ನಾನೂ ಕೇಳಿರಲಿಲ್ಲ.

ಆ ಪುಸ್ತಕ ಗುಟ್ಟಿನದಲ್ಲ. ನಿಮ್ಮ ಪಂಚಾಯ್ತಿಗೆ ಹೋಗಿ ತೋರಿಸಿ ಎಂದು ಕೇಳಿ. ನಿಮ್ಮ ಊರಿನ ಗಿಡ ಅದರಲ್ಲಿ ಇಲ್ಲದಿದ್ದರೆ, ಇದ್ದ ಜಾಗ, ಊರಲ್ಲಿ ಕರೆಯುವ ಹೆಸರು, ಹೂ ಬಿಡುವ ತಿಂಗಳು, ಯಾತಕ್ಕೆ ಬಳಸುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದು ಫೋಟೋ ಜೊತೆ ಪಿಡಿಒ ಅವರಿಗೆ ಕೊಡಿ, ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಗ್ರಾಮಸಭೆಯಲ್ಲಿ ಓದಿ ಹೇಳಿ. ಮುಂದೆ ಬಣ್ಣದ ಡಬ್ಬಿ ಹಿಡಿದವರು ಬಂದಾಗ ತೋರಿಸಲು ಒಂದು ಕಾಗದ ಇರುತ್ತದೆ. ಕಾಗದ ಇದ್ದರೆ ಗಿಡ ಖಂಡಿತ ಉಳಿಯುತ್ತದೆ ಎಂದು ನಾನು ಮಾತು ಕೊಡಲಾರೆ. ಆದರೆ 'ಇದು ಜಾಲಿ' ಎಂದು ಅಷ್ಟು ಸಲೀಸಾಗಿ ಹೇಳಲು ಆಗುವುದಿಲ್ಲ.

ಕಡಿದ ಬನ್ನಿ ಇದ್ದ ಆ ರಸ್ತೆ ಈಗ ಅಗಲವಾಗಿದೆ, ಬಸ್ಸು ಬೇಗ ಹೋಗುತ್ತದೆ. ಹೋದ ದಸರೆಗೆ ಊರಿನವರು ಹಳ್ಳದ ಆಚೆ ಇನ್ನೊಂದು ಬನ್ನಿ ಹುಡುಕಿ ಪೂಜೆ ಮಾಡಿದರು. ನನಗೂ ಹೇಳಿ ಕಳಿಸಿದ್ದರು. ಹೋದಾಗ ಮುತ್ಯಾ ನಕ್ಕು, 'ಏನಪಾ ಪೇಪರಿನವನೇ, ಇದು ಯಾವ ಗಿಡ ಹೇಳು ನೋಡೋಣು' ಅಂದ. ನಾನು ಟೊಂಗೆ ಬಗ್ಗಿಸಿ ಮುಳ್ಳು ನೋಡಿದೆ. ಜೋಡಿ ಇರಲಿಲ್ಲ, ಚದುರಿತ್ತು. ಆಮೇಲೆ ಬಾಯಿ ಬಿಟ್ಟೆ.